ಪೈಥಾನ್‌ನ ಕಾನ್ಫಿಗ್‌ಪಾರ್ಸರ್ ವಿಮರ್ಶೆ: ಬರೆಯದೇ ಬಿಟ್ಟ ಸೆಟ್ಟಿಂಗ್ ಬೇರೆ, ಬರೆದು ಖಾಲಿ ಬಿಟ್ಟ ಸೆಟ್ಟಿಂಗ್ ಬೇರೆ

ಪೈಥಾನ್ ಇನ್‌ಸ್ಟಾಲ್ ಮಾಡಿದರೆ ಜೊತೆಗೇ ಬರುವ ಲೈಬ್ರರಿ ಕಾನ್ಫಿಗ್‌ಪಾರ್ಸರ್. ಚೌಕ ಬ್ರ್ಯಾಕೆಟ್‌ನಲ್ಲಿ ಸೆಕ್ಷನ್ ಹೆಸರು, ಅದರ ಕೆಳಗೆ ಸಾಲಿಗೊಂದರಂತೆ ಸೆಟ್ಟಿಂಗ್ ಇರುವ ಐಎನ್‌ಐ ಮಾದರಿಯ ಫೈಲುಗಳನ್ನು ಓದುವುದು, ಬರೆಯುವುದು ಇದರ ಕೆಲಸ. ಬೇರೇನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ, ಕಲಿಯಲು ಅರ್ಧ ದಿನ ಸಾಕು. ಹಾಗಾಗಿಯೇ ಸಣ್ಣ ಸ್ಕ್ರಿಪ್ಟಿನಿಂದ ಹಿಡಿದು ದೊಡ್ಡ ಸರ್ವರ್ ತನಕ ಎಲ್ಲ ಕಡೆ ಕಾಣಸಿಗುತ್ತದೆ.

ಇಲ್ಲಿ ಈ ಲೈಬ್ರರಿಯನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ. ಬಳಕೆದಾರರು ಒಂದು ಸೆಟ್ಟಿಂಗನ್ನು ಬರೆದೇ ಇಲ್ಲ. ಇನ್ನೊಂದನ್ನು ಬರೆದಿದ್ದಾರೆ, ಸಮ ಚಿಹ್ನೆಯ ಮುಂದೆ ಏನೂ ಹಾಕಿಲ್ಲ. ಈ ಎರಡನ್ನೂ ಕಾನ್ಫಿಗ್‌ಪಾರ್ಸರ್ ಬೇರೆ ಬೇರೆಯಾಗಿಯೇ ನಮ್ಮ ಕೈಗೆ ಕೊಡುತ್ತದೆಯೇ? ಕೊಡುತ್ತದೆ. ಈ ವಿಷಯದಲ್ಲಿ ಅದರ ಮೂಲ ವಿನ್ಯಾಸ ಬಹಳ ಗಟ್ಟಿಯಾಗಿದೆ. ಆದರೆ ಮೂರು ಕಡೆ, ಅಂದರೆ ಫೈಲೇ ಇಲ್ಲದಾಗ, ಡಿಫಾಲ್ಟ್ ಸೆಕ್ಷನ್ ನಡುವೆ ಬಂದಾಗ ಮತ್ತು ಸಾಲು ಖಾಲಿ ಇದ್ದಂತೆ ಕಂಡೂ ಖಾಲಿ ಇಲ್ಲದಾಗ, ತುಟಿ ಬಿಚ್ಚದೆ ಮುಂದೆ ಹೋಗಿಬಿಡುತ್ತದೆ. ಆ ಮೂರನ್ನು ತಿಳಿದುಕೊಂಡು ಬಳಸಿದರೆ ಇವತ್ತಿಗೂ ನೆಚ್ಚಬಹುದಾದ ಲೈಬ್ರರಿ. ಕೆಳಗಿನ ವಿವರಗಳು ಪೈಥಾನ್ 3.13ಕ್ಕೆ ಅನ್ವಯಿಸುತ್ತವೆ, ಹಳೆಯ ಆವೃತ್ತಿಯಲ್ಲಿ ಬೇರೆ ಇದ್ದರೆ ಅಲ್ಲಲ್ಲೇ ಹೇಳಿದ್ದೇವೆ.

ಖಾಲಿ ಎಂದರೆ ಏನೂ ಆಗುವುದಿಲ್ಲ ಎಂದಲ್ಲ

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎನ್ನುವವರಿಗೆ ಈ ಫೈಲ್ ನೋಡಿ:

[ಸರ್ವರ್]
ವಿಳಾಸ =
ಪೋರ್ಟ್ = 8080

(ಸೆಕ್ಷನ್ ಹೆಸರು, ಸಮ ಚಿಹ್ನೆಯ ಎಡಕ್ಕಿರುವ ಕೀ ಎರಡನ್ನೂ ಕನ್ನಡದಲ್ಲೇ ಬರೆಯಬಹುದು. ಕಾನ್ಫಿಗ್‌ಪಾರ್ಸರ್ ಯೂನಿಕೋಡ್ ಹೆಸರುಗಳನ್ನು ಯಾವ ತಕರಾರೂ ಇಲ್ಲದೆ ಒಪ್ಪುತ್ತದೆ.)

ಪ್ರೋಗ್ರಾಂ ಬರೆದವರು ವಿಳಾಸ ಸಿಗದಿದ್ದರೆ 127.0.0.1 ಬಳಸು ಎಂದು ಫಾಲ್‌ಬ್ಯಾಕ್ ಕೊಟ್ಟಿದ್ದಾರೆ. ಅಂದರೆ ಸರ್ವರ್ ಇದೇ ಯಂತ್ರದ ಒಳಗಿನವರಿಗೆ ಮಾತ್ರ ತೆರೆದಿರಬೇಕು. ಆದರೆ ಇಲ್ಲಿ ವಿಳಾಸ ಎಂಬ ಕೀ ಇದೆ, ಅದರ ವ್ಯಾಲ್ಯೂ ಖಾಲಿ ಸ್ಟ್ರಿಂಗ್, ಅಂದರೆ ಒಂದೂ ಅಕ್ಷರವಿಲ್ಲದ ಪಠ್ಯ. ಕೀ ಸಿಕ್ಕಿದೆಯಾದ್ದರಿಂದ ಫಾಲ್‌ಬ್ಯಾಕ್‌ಗೆ ಕೆಲಸವೇ ಇಲ್ಲ. ಆ ಖಾಲಿ ಸ್ಟ್ರಿಂಗ್ ನೇರವಾಗಿ ಸಾಕೆಟ್‌ನ ಬೈಂಡ್‌ಗೆ, ಅಂದರೆ ಸರ್ವರ್ ಯಾವ ವಿಳಾಸದಲ್ಲಿ ಕಿವಿಗೊಡಬೇಕೆಂದು ಗೊತ್ತುಮಾಡುವ ಕರೆಗೆ, ಹೋಗುತ್ತದೆ. ಪೈಥಾನ್‌ನ ಸಾಕೆಟ್ ಖಾಲಿ ವಿಳಾಸವನ್ನು ಯಂತ್ರದ ಎಲ್ಲ ನೆಟ್‌ವರ್ಕ್ ಇಂಟರ್‌ಫೇಸ್‌ಗಳು, ಅಂದರೆ 0.0.0.0 ಎಂದೇ ತೆಗೆದುಕೊಳ್ಳುತ್ತದೆ. ಎರರ್ ಬರಲಿಲ್ಲ, ಲಾಗ್‌ನಲ್ಲಿ ಏನೂ ಇಲ್ಲ, ಸರ್ವರ್ ಚೆನ್ನಾಗಿಯೇ ಓಡುತ್ತಿದೆ. ಒಳಗಿನವರಿಗೆಂದು ಇಟ್ಟದ್ದು ಇಡೀ ನೆಟ್‌ವರ್ಕಿಗೆ ಬಾಗಿಲು ತೆರೆದು ಕೂತಿದೆ.

ಇಂಥವು ಇನ್ನೂ ಇವೆ. ಫೈಲಿನ ದಾರಿಗಳನ್ನು ನಿಭಾಯಿಸುವ ಪಾತ್‌ಲಿಬ್‌ನ ಪಾತ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಸಿಗುವುದು ಒಂದು ಚುಕ್ಕೆ, ಅಂದರೆ ಪ್ರೋಗ್ರಾಂ ಆ ಹೊತ್ತಿಗೆ ಯಾವ ಫೋಲ್ಡರ್‌ನಲ್ಲಿದೆಯೋ ಆ ಫೋಲ್ಡರ್. ಹಳೆಯ ಫೈಲುಗಳನ್ನು ಅಳಿಸುವ ಸ್ಕ್ರಿಪ್ಟಿಗೆ ಇದು ಎಂಥ ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ. ಖಾಲಿ ಸ್ಟ್ರಿಂಗನ್ನು ಅಲ್ಪವಿರಾಮದಿಂದ ಸ್ಪ್ಲಿಟ್ ಮಾಡಿದರೆ ಬರುವುದು ಖಾಲಿ ಲಿಸ್ಟ್ ಅಲ್ಲ. ಒಂದು ಖಾಲಿ ಸ್ಟ್ರಿಂಗ್ ಇರುವ, ಉದ್ದ 1 ಇರುವ ಲಿಸ್ಟ್. ಅದೇ ಸ್ಪ್ಲಿಟ್‌ಗೆ ಬ್ರ್ಯಾಕೆಟ್‌ನಲ್ಲಿ ಏನೂ ಕೊಡದಿದ್ದರೆ ಖಾಲಿ ಲಿಸ್ಟೇ ಬರುತ್ತದೆ. ಅನುಮತಿ ಇರುವ ಹೆಸರುಗಳ ಪಟ್ಟಿಯಲ್ಲಿ ಹೆಸರೇ ಇಲ್ಲದ ಒಂದು ಹೆಸರು ಕೂತುಕೊಂಡರೆ ಅದನ್ನು ಪತ್ತೆ ಹಚ್ಚುವುದು ಬಹಳ ಕಷ್ಟ.

ಇದರ ಇನ್ನೊಂದು ಮುಖವೂ ಇದೆ. ಕೆಲವೊಮ್ಮೆ ಬಳಕೆದಾರರು ಬೇಕೆಂದೇ ಖಾಲಿ ಬಿಡುತ್ತಾರೆ. ಪ್ರಾಕ್ಸಿ ಎಂಬ ಕೀ ಇಲ್ಲದಿದ್ದರೆ ಸಿಸ್ಟಂನ ಪ್ರಾಕ್ಸಿಯನ್ನೇ ಬಳಸು. ಪ್ರಾಕ್ಸಿ ಎಂದು ಬರೆದು ಖಾಲಿ ಬಿಟ್ಟಿದ್ದರೆ ಪ್ರಾಕ್ಸಿ ಬೇಡ, ನೇರವಾಗಿ ಹೋಗು. ಇದು ನ್ಯಾಯವಾದ ಅರ್ಥ. ಆದರೆ ಕೋಡಿನಲ್ಲಿ ವ್ಯಾಲ್ಯೂ ತೆಗೆದುಕೊಂಡ ಮೇಲೆ ಪಕ್ಕದಲ್ಲೊಂದು 'ಆರ್' (or, ಅಂದರೆ 'ಅದು ಖಾಲಿಯಾಗಿದ್ದರೆ ಇದು') ಸೇರಿಸಿ ಡಿಫಾಲ್ಟ್ ಬರೆಯುವ ಅಭ್ಯಾಸ ಅನೇಕರಿಗಿದೆ. ಆ ಎರಡಕ್ಷರ ಸೇರಿದ ಕೂಡಲೇ, ಬೇಡ ಎಂದು ಹೇಳಲು ಬಳಕೆದಾರರಿಗೆ ಇದ್ದ ಒಂದೇ ದಾರಿ ಮುಚ್ಚಿಹೋಗುತ್ತದೆ. ಲೈಬ್ರರಿ ಎರಡನ್ನೂ ಜೋಪಾನವಾಗಿ ಬೇರೆ ಇಟ್ಟು ತಂದು ಕೊಟ್ಟಿರುತ್ತದೆ, ಬೆರೆಸಿದವರು ನಾವು.

ಮೂರು ಸ್ಥಿತಿ

ಕಾನ್ಫಿಗ್‌ಪಾರ್ಸರ್ ಗುರುತಿಸುವುದು ಎರಡಲ್ಲ, ಮೂರು ಸ್ಥಿತಿಗಳನ್ನು. ಕೀ ಇಲ್ಲವೇ ಇಲ್ಲ. ಕೀ ಇದೆ, ಸಮ ಚಿಹ್ನೆ ಇದೆ, ಮುಂದೆ ಏನೂ ಇಲ್ಲ. ಕೀ ಮಾತ್ರ ಇದೆ, ಸಮ ಚಿಹ್ನೆಯೂ ಇಲ್ಲ. ಮೊದಲನೆಯದಕ್ಕೆ ವ್ಯಾಲ್ಯೂ ಕೇಳುವ ಗೆಟ್ ಮೆಥಡ್ ಕರೆದರೆ ನೋಆಪ್ಷನ್‌ಎರರ್ ಬರುತ್ತದೆ, ಸೆಕ್ಷನ್ನೇ ಇಲ್ಲದಿದ್ದರೆ ನೋಸೆಕ್ಷನ್‌ಎರರ್. ಎರಡನೆಯದಕ್ಕೆ ಖಾಲಿ ಸ್ಟ್ರಿಂಗ್. ಮೂರನೆಯದಕ್ಕೆ, ಏನೂ ಬದಲಿಸದೆ ಬಳಸಿದರೆ, ಫೈಲ್ ಓದುವಾಗಲೇ ಪಾರ್ಸಿಂಗ್‌ಎರರ್ ಬಂದು ಯಾವ ಸಾಲಿನಲ್ಲಿ ತಪ್ಪಿದೆ ಎಂದು ನಂಬರ್ ಸಮೇತ ಹೇಳುತ್ತದೆ.

ಮೂರನೆಯದನ್ನು ಒಪ್ಪಿಕೊಳ್ಳಬೇಕೆಂದರೆ 'ಅಲೋ ನೋ ವ್ಯಾಲ್ಯೂ' ಎಂಬ ಆಯ್ಕೆಯನ್ನು ಟ್ರೂ ಮಾಡಬೇಕು, 2.7 ಮತ್ತು 3.2ರಿಂದ ಇದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಕಾನ್ಫಿಗ್ ಫೈಲಿನಲ್ಲಿ 'ಸ್ಕಿಪ್ ನೆಟ್‌ವರ್ಕಿಂಗ್' ಥರದ, ಬರೀ ಹೆಸರಿರುವ ಸಾಲುಗಳಿರುತ್ತವಲ್ಲ, ಅಂಥ ಫೈಲ್ ಓದಲು ಇದು ಬೇಕು. ಆಗ ಆ ಕೀಯ ವ್ಯಾಲ್ಯೂ ನನ್ (None, ಪೈಥಾನ್‌ನಲ್ಲಿ 'ಏನೂ ಇಲ್ಲ' ಎಂಬುದರ ಗುರುತು) ಆಗಿ ಬರುತ್ತದೆ, ಖಾಲಿ ಸ್ಟ್ರಿಂಗ್ ಆಗಿ ಅಲ್ಲ.

ಇನ್ನೊಬ್ಬರ ಫೈಲ್ ಓದುವ ಅನಿವಾರ್ಯ ಇಲ್ಲದಿದ್ದರೆ ಈ ಆಯ್ಕೆಯನ್ನು ಮುಟ್ಟಬೇಡಿ ಎಂಬುದು ನಮ್ಮ ಸಲಹೆ. ಕಾರಣ, ಪೈಥಾನ್‌ನಲ್ಲಿ ನನ್ ಎಂದರೆ 'ಸಿಗಲಿಲ್ಲ' ಎಂದು ಓದಿಕೊಳ್ಳುವುದೇ ರೂಢಿ. ಕಾನ್ಫಿಗ್ ಆಬ್ಜೆಕ್ಟಿನಿಂದ ಮೊದಲು ಸೆಕ್ಷನ್ ತೆಗೆದು, ಆ ಸೆಕ್ಷನ್ ಮೇಲೆ ಗೆಟ್ ಕರೆದರೆ ಇಲ್ಲದ ಕೀಗೂ ನನ್, ಬರೀ ಹೆಸರಿರುವ ಕೀಗೂ ನನ್. ಎರಡೂ ಒಂದೇ ಆಗಿಹೋಯಿತು. ಅದೇ, ಕಾನ್ಫಿಗ್ ಆಬ್ಜೆಕ್ಟಿನ ಮೇಲೆಯೇ ಸೆಕ್ಷನ್ ಹೆಸರು, ಕೀ ಎರಡನ್ನೂ ಕೊಟ್ಟು ಗೆಟ್ ಕರೆದರೆ ಇಲ್ಲದ ಕೀಗೆ ಎರರ್ ಬರುತ್ತದೆ. ಹೆಸರು ಒಂದೇ, ನಡತೆ ಎರಡು. ಇದು ಈ ಲೈಬ್ರರಿಯ ಒಪ್ಪತಕ್ಕ ಗುಣವಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ತಂಡದಲ್ಲಿ ಒಂದೇ ರೀತಿ ಎಂದು ಗೊತ್ತು ಮಾಡಿಕೊಳ್ಳಿ. ಸೆಕ್ಷನ್ ಹೆಸರು, ಕೀ ಎರಡನ್ನೂ ಕೊಡುವ ರೀತಿಯೇ ಒಳ್ಳೆಯದು.

ಫಾಲ್‌ಬ್ಯಾಕ್ ಕಟ್ಟುನಿಟ್ಟಾಗಿದೆ, ಹಾಗೇ ಇರಬೇಕು

3.2ರಿಂದ ಗೆಟ್, ಗೆಟ್‌ಇಂಟ್, ಗೆಟ್‌ಫ್ಲೋಟ್, ಗೆಟ್‌ಬೂಲಿಯನ್ ನಾಲ್ಕಕ್ಕೂ ಫಾಲ್‌ಬ್ಯಾಕ್ ಕೊಡಬಹುದು. ಅದು ಕೆಲಸಕ್ಕೆ ಬರುವುದು ಸೆಕ್ಷನ್ ಅಥವಾ ಕೀ ಇಲ್ಲದಿದ್ದಾಗ ಮಾತ್ರ. ಖಾಲಿ ಇದ್ದರೂ ಅದನ್ನೇ ಕೊಡಬಾರದಿತ್ತೇ ಎಂಬ ದೂರು ಆಗಾಗ ಕೇಳಿಬರುತ್ತದೆ. ಕೊಡಬಾರದು. ಖಾಲಿ ಎಂಬುದು ಬಳಕೆದಾರರು ಕೈಯಾರೆ ಬರೆದ ಉತ್ತರ, ಅದರ ಅರ್ಥ ಏನೆಂದು ಲೈಬ್ರರಿಗೆ ಗೊತ್ತಾಗುವ ಹಾಗಿಲ್ಲ. ಪ್ರಾಕ್ಸಿಗೆ ಖಾಲಿ ಎಂದರೆ ಬೇಡ, ಪಾಸ್‌ವರ್ಡಿಗೆ ಖಾಲಿ ಎಂದರೆ ತಪ್ಪು, ಶೀರ್ಷಿಕೆಗೆ ಖಾಲಿ ಎಂದರೆ ಶೀರ್ಷಿಕೆ ತೋರಿಸಬೇಡ. ಇದನ್ನು ತೀರ್ಮಾನಿಸುವ ಹಕ್ಕನ್ನು ಪ್ರೋಗ್ರಾಂ ಬರೆದವರಿಗೇ ಬಿಟ್ಟದ್ದು ಈ ಲೈಬ್ರರಿಯ ಅತ್ಯಂತ ಒಳ್ಳೆಯ ನಿರ್ಧಾರ.

ಒಂದು ಎಚ್ಚರ ಬೇಕು. ಫಾಲ್‌ಬ್ಯಾಕ್ ಆಗಿ ಕೊಟ್ಟದ್ದನ್ನು ಲೈಬ್ರರಿ ಹಾಗೇ ವಾಪಸ್ ಕೊಡುತ್ತದೆ, ಪರಿವರ್ತಿಸುವುದಿಲ್ಲ. ಗೆಟ್‌ಇಂಟ್‌ಗೆ ಫಾಲ್‌ಬ್ಯಾಕ್ ಎಂದು 30ನ್ನು ಕೋಟ್ ಒಳಗೆ ಬರೆದರೆ, ಕೀ ಇದ್ದಾಗ ಸಂಖ್ಯೆ ಬರುತ್ತದೆ, ಇಲ್ಲದಾಗ ಸ್ಟ್ರಿಂಗ್ ಬರುತ್ತದೆ. ಟೆಸ್ಟ್ ಮಾಡುವ ಯಂತ್ರದಲ್ಲಿ ಕೀ ಇರುತ್ತದೆ, ಹೊರಗೆ ಹೋದಾಗ ಇರುವುದಿಲ್ಲ. ತಪ್ಪು ಅಲ್ಲಿ ಹೋಗಿ ಹೊರಬೀಳುತ್ತದೆ.

ಇದೇ ಗುಣ ಒಂದು ಉಪಕಾರಕ್ಕೂ ಬರುತ್ತದೆ. ಬರೀ ಆಬ್ಜೆಕ್ಟ್ ಎಂಬ ಕ್ಲಾಸಿನಿಂದ ಒಂದು ಗುರುತು ಮಾಡಿ, ಅದಕ್ಕೆ 'ಇಲ್ಲ' ಎಂದು ಹೆಸರಿಟ್ಟು, ಅದನ್ನೇ ಫಾಲ್‌ಬ್ಯಾಕ್ ಆಗಿ ಕೊಡಿ. ವಾಪಸ್ ಬಂದದ್ದು ಅದೇ ಆಬ್ಜೆಕ್ಟ್ ಆಗಿದ್ದರೆ, 'ಈಸ್' ಹಾಕಿ ಹೋಲಿಸಿದರೆ, ಕೀ ನಿಜಕ್ಕೂ ಸಿಗಲಿಲ್ಲ ಎಂದು ಖಾತ್ರಿ. ನನ್, ಖಾಲಿ ಸ್ಟ್ರಿಂಗ್, ಸೊನ್ನೆ ಯಾವುದರ ಜೊತೆಗೂ ಇದು ಬೆರೆಯುವುದಿಲ್ಲ. ಟ್ರೈ, ಎಕ್ಸೆಪ್ಟ್ ಬರೆಯುವುದಕ್ಕಿಂತ ಇದು ಚೊಕ್ಕ.

ಖಾಲಿ ಸ್ಟ್ರಿಂಗ್ ಮೇಲೆ ಗೆಟ್‌ಇಂಟ್ ಕರೆದರೆ ವ್ಯಾಲ್ಯೂಎರರ್ ಬರುತ್ತದೆ. ಗೆಟ್‌ಬೂಲಿಯನ್‌ದೂ ಅದೇ ಕಥೆ: ಎಸ್, ನೋ, ಆನ್, ಆಫ್, ಟ್ರೂ, ಫಾಲ್ಸ್, 1, 0 ಈ ಎಂಟನ್ನು ಬಿಟ್ಟು ಬೇರೆ ಯಾವುದನ್ನೂ ಅದು ಒಪ್ಪುವುದಿಲ್ಲ, ಖಾಲಿಯನ್ನೂ ಸೇರಿಸಿ. ಸದ್ದಿಲ್ಲದೆ ಫಾಲ್ಸ್ ಕೊಡದೆ ನಿಲ್ಲಿಸಿಬಿಡುವುದು ಸರಿಯಾದ ನಡತೆ. ಆದರೆ ಎರರ್ ಸಂದೇಶದಲ್ಲಿ ಕೀಯ ಹೆಸರಿರುವುದಿಲ್ಲ. ಇಪ್ಪತ್ತು ಸೆಟ್ಟಿಂಗ್‌ಗಳಲ್ಲಿ ಯಾವುದು ಖಾಲಿ ಎಂದು ನಾವೇ ಹುಡುಕಬೇಕು. ಸಂದೇಶಕ್ಕೆ ಸೆಕ್ಷನ್, ಕೀ ಸೇರಿಸುವ ಸಣ್ಣ ಫಂಕ್ಷನ್ ಒಂದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅಂದ ಹಾಗೆ, ಗೆಟ್‌ಇಂಟ್ ಕನ್ನಡ ಅಂಕಿಗಳನ್ನೂ ಓದುತ್ತದೆ: ೩೦ ಎಂದು ಬರೆದರೆ 30 ಸಿಗುತ್ತದೆ. ಹೌದು, ಅಲ್ಲ ಎಂದು ಬರೆಯುವ ಸೌಕರ್ಯ ಬೇಕಿದ್ದರೆ 'ಬೂಲಿಯನ್ ಸ್ಟೇಟ್ಸ್' ಎಂಬ ಡಿಕ್ಷನರಿಗೆ ಅವನ್ನು ಸೇರಿಸಿದರಾಯಿತು.

ಡಿಫಾಲ್ಟ್ ಸೆಕ್ಷನ್ ಎಂಬ ಸೋರಿಕೆ

ಇಂಗ್ಲಿಷ್ ದೊಡ್ಡಕ್ಷರದಲ್ಲಿ ಡಿಫಾಲ್ಟ್ ಎಂದು ಹೆಸರಿಟ್ಟ ಸೆಕ್ಷನ್ನಿಗೆ ಇಲ್ಲಿ ವಿಶೇಷ ಸ್ಥಾನ. ಅದರಲ್ಲಿ ಬರೆದದ್ದೆಲ್ಲ ಉಳಿದ ಪ್ರತಿಯೊಂದು ಸೆಕ್ಷನ್ನಿನಲ್ಲೂ ಇರುವಂತೆ ತೋರುತ್ತದೆ. ಗೆಟ್ ಹುಡುಕುವ ಕ್ರಮ ಹೀಗಿದೆ: ಮೊದಲು ಕರೆಯುವಾಗ 'ವಾರ್ಸ್' ಎಂದು ಕೊಟ್ಟದ್ದು, ಆಮೇಲೆ ಆ ಸೆಕ್ಷನ್, ಆಮೇಲೆ ಡಿಫಾಲ್ಟ್ ಸೆಕ್ಷನ್, ಎಲ್ಲ ಮುಗಿದ ಮೇಲೆ ಫಾಲ್‌ಬ್ಯಾಕ್.

ಇದರಿಂದ ಎರಡು ತೊಡಕು. ಒಂದು, 'ಹ್ಯಾಸ್ ಆಪ್ಷನ್' ಎಂದು ಕೇಳಿದರೆ ಡಿಫಾಲ್ಟ್‌ನಲ್ಲಿ ಇರುವ ಕೀಗೂ ಟ್ರೂ ಎನ್ನುತ್ತದೆ. ಬಳಕೆದಾರರು ಈ ಸೆಕ್ಷನ್ನಿನಲ್ಲೇ ಬರೆದರೇ ಅಥವಾ ಡಿಫಾಲ್ಟ್‌ನಿಂದ ಇಳಿದು ಬಂತೇ ಎಂದು ತಿಳಿಯಲು ನೇರವಾದ ಸಾರ್ವಜನಿಕ ಮೆಥಡ್ ಇಲ್ಲ. ಎರಡು, 'ರಿಮೂವ್ ಆಪ್ಷನ್' ಕರೆದು ಸೆಕ್ಷನ್ನಿನಿಂದ ಕೀಯನ್ನು ತೆಗೆದರೂ ಡಿಫಾಲ್ಟ್‌ನದ್ದು ಮೇಲೆ ಬಂದು ಕೂರುತ್ತದೆ. ಡಿಫಾಲ್ಟ್‌ನಲ್ಲಿ ಒಂದು ಕೀ ಇದ್ದ ಮೇಲೆ, ನಿಮ್ಮ ಸೆಕ್ಷನ್ನಿನಲ್ಲಿ ಅದನ್ನು 'ಇಲ್ಲ' ಎನ್ನಿಸಲು ಫೈಲಿನಲ್ಲಿ ಯಾವ ದಾರಿಯೂ ಇಲ್ಲ. ಇರುವುದು ಒಂದೇ: ಕೀ ಬರೆದು ಖಾಲಿ ಬಿಟ್ಟು ಅದನ್ನು ಮರೆಮಾಡುವುದು. ಹಾಗಾಗಿ ಡಿಫಾಲ್ಟ್ ಸೆಕ್ಷನ್ ಬಳಸುವ ಫೈಲಿನಲ್ಲಿ ಖಾಲಿ ಸ್ಟ್ರಿಂಗಿಗೆ ಇನ್ನೂ ಹೆಚ್ಚು ಬೆಲೆ. ಅಲ್ಲಿ ಖಾಲಿಯನ್ನು ಇಲ್ಲದ್ದರ ಜೊತೆ ಸೇರಿಸುವ ಕೋಡ್ ಬರೆದರೆ ಬಳಕೆದಾರರ ಕೈ ಕಟ್ಟಿದಂತೆಯೇ ಸರಿ.

ಹಲವು ಫೈಲುಗಳನ್ನು ಒಂದರ ಮೇಲೊಂದು ಓದುವಾಗಲೂ ಹೀಗೆಯೇ. ನಂತರದ ಫೈಲ್ ಮೊದಲಿನದನ್ನು ಮುಚ್ಚುತ್ತದೆ, ಖಾಲಿ ಸಾಲು ಕೂಡ ಮುಚ್ಚುತ್ತದೆ. ಅಳಿಸಿಹಾಕು ಎಂದು ಹೇಳುವ ಬರವಣಿಗೆ ಇಲ್ಲ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿ ಈ ಸಮಸ್ಯೆಯನ್ನು ಚೆನ್ನಾಗಿ ಬಿಡಿಸಿಕೊಂಡಿದೆ: ಸರ್ವಿಸ್‌ನ ಮೂಲ ಸೆಟ್ಟಿಂಗ್ ಫೈಲಿನ ಮೇಲೆ ಸೇರಿಸುವ ಡ್ರಾಪ್‌ಇನ್ ಫೈಲಿನಲ್ಲಿ ಎಕ್ಸೆಕ್‌ಸ್ಟಾರ್ಟ್ ಎಂದು ಬರೆದು ಖಾಲಿ ಬಿಟ್ಟರೆ ಮೊದಲಿದ್ದ ಪಟ್ಟಿ ತೆರವಾಗುತ್ತದೆ, ಮುಂದಿನ ಸಾಲಿನಲ್ಲಿ ಹೊಸದನ್ನು ಬರೆಯಬೇಕು. ಖಾಲಿಗೆ ಒಂದು ಖಚಿತ ಅರ್ಥ ಕೊಟ್ಟು ಅದನ್ನು ದಾಖಲಿಸಿದ್ದಾರೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಇನ್ನೊಂದು ದಾರಿ ಹಿಡಿದಿದೆ: ಹೌದು, ಅಲ್ಲ ಎಂಬ ಸೆಟ್ಟಿಂಗಿನಲ್ಲಿ ಬರೀ ಕೀ ಬರೆದರೆ ಟ್ರೂ, ಕೀ ಬರೆದು ಸಮ ಚಿಹ್ನೆ ಹಾಕಿ ಖಾಲಿ ಬಿಟ್ಟರೆ ಫಾಲ್ಸ್. ಒಂದೇ ಒಂದು ಚಿಹ್ನೆಯಿಂದ ಅರ್ಥ ತಿರುವುಮುರುವು! ಗಿಟ್‌ನ ಫೈಲಿಗೆ ಒಗ್ಗಿದವರು ಕಾನ್ಫಿಗ್‌ಪಾರ್ಸರ್‌ನಿಂದಲೂ ಅದನ್ನೇ ಬಯಸಿದರೆ ನಿರಾಶೆಯಾಗುತ್ತದೆ, ಇಲ್ಲಿ ಎರಡಕ್ಕೂ ಎರರ್.

ಖಾಲಿ ಕಂಡರೂ ಖಾಲಿ ಅಲ್ಲದ ಸಾಲುಗಳು

ನಮ್ಮ ಮಟ್ಟಿಗೆ ಈ ಲೈಬ್ರರಿಯ ಅತಿ ದೊಡ್ಡ ಗುಂಡಿ ಇದು. ಈ ಸೆಕ್ಷನ್ನಿನ ನಾಲ್ಕು ಸಾಲು ನೋಡಿ:

[ಮುದ್ರಣ]
ಶೀರ್ಷಿಕೆ = ""
ಅಡಿಬರಹ = ; ಆಮೇಲೆ ತುಂಬುವುದು
ಲಾಂಛನ =
    ಪುಟಗಳು = 40

ಓದಿದವರಿಗೆ ಮೂರು ಖಾಲಿ ಸೆಟ್ಟಿಂಗ್, ಒಂದು 40 ಎಂದೇ ಕಾಣುತ್ತದೆ. ಕಾನ್ಫಿಗ್‌ಪಾರ್ಸರ್‌ಗೆ ಇದರಲ್ಲಿ ಒಂದೂ ಖಾಲಿ ಅಲ್ಲ.

ಶೀರ್ಷಿಕೆಯ ವ್ಯಾಲ್ಯೂ ಎರಡು ಕೋಟ್ ಚಿಹ್ನೆಗಳಿರುವ, ಉದ್ದ 2 ಇರುವ ಸ್ಟ್ರಿಂಗ್. ಐಎನ್‌ಐನಲ್ಲಿ ಕೋಟ್‌ಗೆ ಯಾವ ವಿಶೇಷವೂ ಇಲ್ಲ, ಇದ್ದದ್ದು ಇದ್ದ ಹಾಗೇ ಬರುತ್ತದೆ. ಯಾಮೆಲ್, ಟೊಮೆಲ್ ಎಂಬ ಬೇರೆ ಕಾನ್ಫಿಗ್ ಫೈಲ್ ಮಾದರಿಗಳನ್ನು ಬಳಸುವವರು ಇಲ್ಲಿಗೆ ಬಂದಾಗ ಮೊದಲು ಮಾಡುವುದೇ ಇದು. ಮುದ್ರಣವಾದ ಪುಟದ ನೆತ್ತಿಯ ಮೇಲೆ ಎರಡು ಕೋಟ್ ಕೂತಿದ್ದರೆ ಕಾರಣ ಇದೇ.

ಅಡಿಬರಹದ ವ್ಯಾಲ್ಯೂ ಅರ್ಧವಿರಾಮದಿಂದ ಶುರುವಾಗುವ ಆ ಇಡೀ ಟಿಪ್ಪಣಿ. 3.2ಕ್ಕೆ ಮೊದಲು, ಖಾಲಿ ಜಾಗದ ನಂತರ ಬರುವ ಅರ್ಧವಿರಾಮದಿಂದ ಮುಂದಿನದನ್ನು ಕಾಮೆಂಟ್ ಎಂದು ಬಿಡಲಾಗುತ್ತಿತ್ತು. ಈಗ ಸಾಲಿನ ಮೊದಲಲ್ಲಿ ಇದ್ದರೆ ಮಾತ್ರ ಕಾಮೆಂಟ್. 'ಇನ್‌ಲೈನ್ ಕಾಮೆಂಟ್ ಪ್ರಿಫಿಕ್ಸಸ್' ಎಂಬ ಆಯ್ಕೆ ಕೊಟ್ಟು ಹಳೆಯ ನಡತೆಯನ್ನು ತರಬಹುದು. ಆದರೆ ಆಗ ಖಾಲಿ ಜಾಗ, ಅದರ ಹಿಂದೆ ಆ ಚಿಹ್ನೆ ಇರುವ ಪಾಸ್‌ವರ್ಡ್ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಕಾಮೆಂಟನ್ನು ಬೇರೆ ಸಾಲಿನಲ್ಲಿ ಬರೆಯಿರಿ ಎಂದು ಮಾದರಿ ಫೈಲಿನ ತಲೆಯಲ್ಲೇ ಹೇಳುವುದು ಉತ್ತಮ.

ಲಾಂಛನದ್ದು ಎಲ್ಲಕ್ಕಿಂತ ಕೆಟ್ಟದ್ದು. ಕೆಳಗಿನ ಸಾಲು ಒಳಕ್ಕೆ ಸರಿದಿದೆಯಾದ್ದರಿಂದ ಅದನ್ನು ಲಾಂಛನದ ಮುಂದುವರಿಕೆ ಎಂದು ತೆಗೆದುಕೊಳ್ಳಲಾಗುತ್ತದೆ. ಹೊಸ ಸಾಲಿನ ಚಿಹ್ನೆ, ಅದರ ಹಿಂದೆ 'ಪುಟಗಳು = 40' ಎಂಬ ಅಕ್ಷರಗಳು ಲಾಂಛನದ ವ್ಯಾಲ್ಯೂ ಆಗುತ್ತವೆ; ಪುಟಗಳು ಎಂಬ ಕೀ ಹುಟ್ಟುವುದೇ ಇಲ್ಲ. ಒಂದು ಸೆಟ್ಟಿಂಗ್ ಖಾಲಿ ಇದ್ದದ್ದು ತುಂಬಿತು, ಇನ್ನೊಂದು ತುಂಬಿದ್ದದ್ದು ಇಲ್ಲವಾಯಿತು, ಎರರ್ ಮಾತ್ರ ಇಲ್ಲ. ಪುಟಗಳಿಗೆ ಫಾಲ್‌ಬ್ಯಾಕ್ ಇದ್ದರಂತೂ ಯಾರಿಗೂ ಗೊತ್ತಾಗುವುದೇ ಇಲ್ಲ. ಇದನ್ನು ಪೂರ್ತಿ ನಿಲ್ಲಿಸುವ ಆಯ್ಕೆ ಲೈಬ್ರರಿಯಲ್ಲಿಲ್ಲ. ಫೈಲ್ ಓದಿದ ಮೇಲೆ ಎಲ್ಲ ವ್ಯಾಲ್ಯೂಗಳನ್ನೂ ಒಮ್ಮೆ ನೋಡಿ, ಒಂದೇ ಸಾಲಿರಬೇಕಾದ ಕಡೆ ಹೊಸ ಸಾಲಿನ ಚಿಹ್ನೆ ಸಿಕ್ಕರೆ ಪ್ರೋಗ್ರಾಂ ನಿಲ್ಲಿಸುವುದೇ ಪರಿಹಾರ. 'ಅಲೋ ನೋ ವ್ಯಾಲ್ಯೂ' ಹಾಕಿ ಸಮ ಚಿಹ್ನೆ ಇಲ್ಲದ ಕೀ ಕೆಳಗೆ ಹೀಗೆ ಸರಿದ ಸಾಲು ಬಂದರೆ 3.13ರಿಂದ ಮಲ್ಟಿಲೈನ್‌ಕಂಟಿನ್ಯುಯೇಷನ್‌ಎರರ್ ಎಂಬ ಸ್ಪಷ್ಟ ಎರರ್ ಬರುತ್ತದೆ. ಅದಕ್ಕೆ ಮೊದಲು ಅರ್ಥವಾಗದ ಒಂದು ಆಟ್ರಿಬ್ಯೂಟ್‌ಎರರ್ ಬರುತ್ತಿತ್ತು. ಸಮ ಚಿಹ್ನೆ ಇದ್ದ ಖಾಲಿ ಕೀಗೆ ಈ ರಕ್ಷಣೆ ಇಲ್ಲ.

ಕನ್ನಡದಲ್ಲಿ ವ್ಯಾಲ್ಯೂ ತುಂಬುವವರಿಗೆ ಇನ್ನೊಂದು ಸಂಗತಿ. ಅರ್ಕಾವತ್ತು, ಬಿಡಿ ವ್ಯಂಜನ ಸರಿಯಾಗಿ ಮೂಡಲೆಂದು ಕೀಬೋರ್ಡ್ ತಂತ್ರಾಂಶಗಳು ಕಣ್ಣಿಗೆ ಕಾಣದ ಜೋಡಕ, ಬಿಡಿಸುವ ಅಕ್ಷರಗಳನ್ನು ಸೇರಿಸುತ್ತವೆ. ಯೂನಿಕೋಡ್‌ನಲ್ಲಿ ಅವುಗಳ ಸಂಕೇತ 200ಡಿ ಮತ್ತು 200ಸಿ. ಒಂದು ವ್ಯಾಲ್ಯೂ ಅಳಿಸುವಾಗ ಇವುಗಳಲ್ಲೊಂದು ಉಳಿದುಹೋದರೆ ಸಾಲು ಪೂರ್ತಿ ಖಾಲಿ ಕಾಣುತ್ತದೆ, ಸ್ಟ್ರಿಂಗ್‌ನ ಉದ್ದ ಮಾತ್ರ 1. ಅಂಚಿನ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಇವನ್ನು ತೆಗೆಯುವುದಿಲ್ಲ, ಏಕೆಂದರೆ ಪೈಥಾನ್ ಇವನ್ನು ಖಾಲಿ ಜಾಗ ಎಂದು ಎಣಿಸುವುದಿಲ್ಲ. ಖಾಲಿ ಇದೆಯೇ ಎಂದು ನೋಡುವ ಮೊದಲು ಈ ಎರಡನ್ನು ತೆಗೆದು ನೋಡಿ; ಬಳಸುವ ವ್ಯಾಲ್ಯೂನಿಂದ ತೆಗೆಯಬೇಡಿ, ತೆಗೆದರೆ ಪದಗಳ ರೂಪ ಕೆಡುತ್ತದೆ. ಫೈಲ್ ಓದುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳುವುದನ್ನೂ ಮರೆಯಬೇಡಿ. ಕೆಲವು ಎಡಿಟರ್‌ಗಳು ಫೈಲಿನ ಮೊದಲಿಗೆ ಬಿಒಎಂ ಎಂಬ ಕಾಣದ ಗುರುತನ್ನು ಸೇರಿಸುತ್ತವೆ. ಆಗ ಮೊದಲ ಸೆಕ್ಷನ್ನೇ ಗುರುತು ಸಿಗದೆ ಮಿಸ್ಸಿಂಗ್‌ಸೆಕ್ಷನ್‌ಹೆಡರ್‌ಎರರ್ ಬರುತ್ತದೆ. ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಬಿಒಎಂ ಇದ್ದರೂ ಇಲ್ಲದಿದ್ದರೂ ಸರಿಹೋಗುತ್ತದೆ.

ಫೈಲೇ ಇಲ್ಲದಿದ್ದರೆ

ಫೈಲ್ ಓದುವ ರೀಡ್ ಮೆಥಡ್‌ಗೆ ಇಲ್ಲದ ಫೈಲಿನ ಹೆಸರು ಕೊಟ್ಟರೆ ಎರರ್ ಬರುವುದಿಲ್ಲ. ತೆರೆಯಲಾಗದ ಫೈಲುಗಳನ್ನು ಬಿಟ್ಟು, ಓದಿದವುಗಳ ಹೆಸರಿನ ಲಿಸ್ಟನ್ನು ವಾಪಸ್ ಕೊಡುತ್ತದೆ ಅಷ್ಟೇ. ಸಿಸ್ಟಂ ಫೈಲ್, ಬಳಕೆದಾರರ ಫೈಲ್ ಹೀಗೆ ಹಲವು ಕಡೆ ಹುಡುಕುವ ಅನುಕೂಲಕ್ಕೆ ಮಾಡಿದ್ದು. ಆದರೆ ಆ ಲಿಸ್ಟನ್ನು ನೋಡುವವರು ಕಡಿಮೆ. ದಾರಿಯಲ್ಲಿ ಒಂದಕ್ಷರ ತಪ್ಪಿದರೆ, ಅಥವಾ ಆ ಫೈಲ್ ಓದಲು ಪರ್ಮಿಷನ್ ಇಲ್ಲದಿದ್ದರೆ, ಇಡೀ ಕಾನ್ಫಿಗ್ ಇಲ್ಲವಾಗಿ ಎಲ್ಲ ಸೆಟ್ಟಿಂಗೂ ಫಾಲ್‌ಬ್ಯಾಕ್ ಮೇಲೆ ಓಡುತ್ತದೆ. ಇರಲೇಬೇಕಾದ ಫೈಲನ್ನು ನಾವೇ ಓಪನ್ ಮಾಡಿ ರೀಡ್‌ಫೈಲ್‌ಗೆ ಕೊಡಬೇಕು, ಆಗ ಫೈಲ್ ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ. ಇದ್ದರೆ ಇರಲಿ ಎನ್ನುವವಕ್ಕೆ ಮಾತ್ರ ರೀಡ್.

ಇಂಟರ್‌ಪೊಲೇಷನ್ ಬಗ್ಗೆ ಎರಡು ಮಾತು ಸಾಕು. ಶೇಕಡಾ ಚಿಹ್ನೆ, ಕಂಸದಲ್ಲಿ ಹೆಸರು ಬರೆದು ಇನ್ನೊಂದು ಕೀಯ ವ್ಯಾಲ್ಯೂವನ್ನು ಒಳಗೆ ತರುವ ಸೌಕರ್ಯ ಇದು. ಆ ಕೀ ಇಲ್ಲದಿದ್ದರೆ ಎರರ್, ಒಳ್ಳೆಯದೇ. ಖಾಲಿ ಇದ್ದರೆ ಎರರ್ ಇಲ್ಲ: ಮೂಲ ಫೋಲ್ಡರ್ ಖಾಲಿ, ಅದರ ಮುಂದೆ ಓರೆಗೆರೆ ಹಾಕಿ ಲಾಗ್ ಎಂದಿದ್ದರೆ, ಸಿಗುವುದು ರೂಟ್‌ನಲ್ಲಿರುವ ಲಾಗ್ ಫೋಲ್ಡರ್. ಜೊತೆಗೆ ಪಾಸ್‌ವರ್ಡಿನಲ್ಲಿ ಒಂಟಿ ಶೇಕಡಾ ಚಿಹ್ನೆ ಇದ್ದರೆ ಫೈಲ್ ಓದುವಾಗ ಸುಮ್ಮನಿದ್ದು ಗೆಟ್ ಮಾಡುವಾಗ ಎರರ್ ಕೊಡುತ್ತದೆ. ಬೇಕೇ ಬೇಕು ಎಂದಿಲ್ಲದಿದ್ದರೆ ಇಂಟರ್‌ಪೊಲೇಷನ್‌ಗೆ ನನ್ ಕೊಟ್ಟು ಆಫ್ ಮಾಡಿ.

ವಾಪಸ್ ಬರೆಯುವಾಗ ಮೂರು ಸ್ಥಿತಿಗಳೂ ಉಳಿಯುತ್ತವೆ: ಖಾಲಿ ಸ್ಟ್ರಿಂಗ್ ಸಮ ಚಿಹ್ನೆಯೊಂದಿಗೆ, ನನ್ ಇದ್ದದ್ದು ಬರೀ ಕೀ ಆಗಿ. ಆದರೆ ಇದೇ ಲೈಬ್ರರಿಯ ರಾಕಾನ್ಫಿಗ್‌ಪಾರ್ಸರ್ ಎಂಬ ಹಳೆಯ ಕ್ಲಾಸ್ ಬಳಸಿ, 'ಅಲೋ ನೋ ವ್ಯಾಲ್ಯೂ' ಇಲ್ಲದೆ, ಒಂದು ಕೀಗೆ ನನ್ ಇಟ್ಟು ಬರೆದರೆ ಫೈಲಿನಲ್ಲಿ ನನ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳೇ ಮೂಡುತ್ತವೆ, ಮುಂದಿನ ಸಲ ಓದಿದಾಗ ಅದು ತುಂಬಿದ ವ್ಯಾಲ್ಯೂ. ಸಾಧಾರಣ ಕಾನ್ಫಿಗ್‌ಪಾರ್ಸರ್ ಕ್ಲಾಸ್ ಟೈಪ್‌ಎರರ್ ಕೊಟ್ಟು ಇದನ್ನು ತಡೆಯುತ್ತದೆ, ಅದನ್ನೇ ಬಳಸಿ. ಬರೆಯುವಾಗ ಕಾಮೆಂಟುಗಳೆಲ್ಲ ಅಳಿಸಿಹೋಗುತ್ತವೆ ಎಂಬುದೂ ನೆನಪಿರಲಿ. ಏಕೆ ಖಾಲಿ ಬಿಟ್ಟಿದೆ ಎಂದು ಯಾರೋ ಬರೆದಿಟ್ಟ ಕಾರಣವೂ ಅದರ ಜೊತೆ ಹೋಗುತ್ತದೆ.

ಯಾವುದು ಯಾರಿಗೆ

ಹೊಸದಾಗಿ ಶುರು ಮಾಡುವವರು, ಫೈಲನ್ನು ಬರೀ ಓದುವವರು ಟೊಮೆಲ್ ಕಡೆ ನೋಡಬಹುದು. 3.11ರಿಂದ ಟೊಮೆಲ್‌ಲಿಬ್ ಪೈಥಾನ್ ಜೊತೆಗೇ ಬರುತ್ತದೆ, ಬರೆಯುವ ಸೌಕರ್ಯ ಅದರಲ್ಲಿಲ್ಲ. ಟೊಮೆಲ್‌ನಲ್ಲಿ ಸಮ ಚಿಹ್ನೆ ಹಾಕಿ ಖಾಲಿ ಬಿಡುವುದೇ ತಪ್ಪು ಬರಹ. ಖಾಲಿ ಬೇಕಿದ್ದರೆ ಎರಡು ಕೋಟ್ ಹಾಕಲೇಬೇಕು. ನನ್‌ಗೆ ಸಮಾನವಾದದ್ದು ಅಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಎರಡೇ ಸ್ಥಿತಿ, ಗೊಂದಲ ಕಡಿಮೆ. ಯಾಮೆಲ್‌ನಲ್ಲಿ ಕೋಲನ್ ಮುಂದೆ ಖಾಲಿ ಬಿಟ್ಟರೆ ನನ್, ಎರಡು ಕೋಟ್ ಹಾಕಿದರೆ ಖಾಲಿ ಸ್ಟ್ರಿಂಗ್, ಮೂರೂ ಸ್ಥಿತಿ ಇವೆ. ಆದರೆ ಎಡಿಟರ್ ಬಳಸಿ ಅಭ್ಯಾಸವಿಲ್ಲದವರು ನೋಟ್‌ಪ್ಯಾಡಿನಲ್ಲಿ ತಿದ್ದುವ ಫೈಲ್ ಆಗಿದ್ದರೆ ಐಎನ್‌ಐನಷ್ಟು ಸರಳವಾದದ್ದು ಬೇರೆ ಇಲ್ಲ, ಕೋಟ್ ಮರೆತರೆ ಮುರಿಯುವ ಭಯ ಇಲ್ಲ. ಅಂಥ ಕಡೆ ಕಾನ್ಫಿಗ್‌ಪಾರ್ಸರನ್ನೇ ನಾವು ಆರಿಸುತ್ತೇವೆ, ಕೆಳಗಿನ ಕ್ರಮ ಇಟ್ಟುಕೊಂಡು.

ಇಂಟರ್‌ಪೊಲೇಷನ್ ಆಫ್ ಮಾಡಿ, ವ್ಯಾಲ್ಯೂ ನಡುವೆ ಖಾಲಿ ಸಾಲಿಗೆ ಅವಕಾಶ ಕೊಡುವ 'ಎಂಪ್ಟಿ ಲೈನ್ಸ್ ಇನ್ ವ್ಯಾಲ್ಯೂಸ್' ಫಾಲ್ಸ್ ಮಾಡಿ, ಉಳಿದದ್ದನ್ನು ಇದ್ದ ಹಾಗೇ ಬಿಡಿ. ಒಂದೇ ಫೈಲಿನಲ್ಲಿ ಒಂದು ಕೀ ಎರಡು ಸಲ ಬಂದರೆ ತಡೆಯುವ ಸ್ಟ್ರಿಕ್ಟ್ ಆಯ್ಕೆ 3.2ರಿಂದ ತಾನಾಗಿಯೇ ಆನ್ ಇರುತ್ತದೆ. ಆಮೇಲೆ ಕೋಡಿನಲ್ಲಿ ಒಂದೇ ಕಡೆ ಒಂದು ಪಟ್ಟಿ ಮಾಡಿ: ಕೀ, ಅದರ ಬಗೆ, ಇಲ್ಲದಿದ್ದರೆ ಏನು, ಖಾಲಿ ಇದ್ದರೆ ಏನು. ಕೊನೆಯ ಅಂಕಣಕ್ಕೆ ಮೂರೇ ಉತ್ತರ ಸಾಕು: ತಪ್ಪು, ಬೇಡ ಎಂದರ್ಥ, ಇಲ್ಲದಿದ್ದರೆ ಏನೋ ಅದೇ. ಸರ್ವರ್ ವಿಳಾಸ, ಪಾಸ್‌ವರ್ಡ್, ಫೋಲ್ಡರ್ ಈ ಮೂರಕ್ಕೂ 'ತಪ್ಪು' ಎಂದೇ ಬರೆಯಿರಿ. ಪ್ರೋಗ್ರಾಂ ಶುರುವಾದ ಕೂಡಲೇ ಪಟ್ಟಿಯ ಪ್ರಕಾರ ಎಲ್ಲವನ್ನೂ ಒಮ್ಮೆಗೇ ಓದಿ, ತಪ್ಪುಗಳನ್ನೆಲ್ಲ ಒಟ್ಟಿಗೆ ತೋರಿಸಿ ನಿಲ್ಲಿಸಿ. ಅರ್ಧ ದಾರಿಯಲ್ಲಿ ಗೆಟ್ ಮಾಡುವುದು ಬೇಡ.

ಪಟ್ಟಿಯಲ್ಲಿ ಇಲ್ಲದ ಕೀ ಫೈಲಿನಲ್ಲಿ ಸಿಕ್ಕರೂ ಹೇಳಬೇಕು. ಕೀ ಇಲ್ಲದಿರುವುದಕ್ಕೆ ಕಾಗುಣಿತ ತಪ್ಪು ಒಂದು ದೊಡ್ಡ ಕಾರಣ. 'ಶೀರ್ಷಿಕೆ' ಎನ್ನುವ ಕಡೆ 'ಶಿರ್ಷಿಕೆ' ಎಂದು ಬರೆದವರು ತಾವು ಸೆಟ್ಟಿಂಗ್ ಬರೆದಿದ್ದೇವೆ ಎಂದೇ ನಂಬಿರುತ್ತಾರೆ. ಪ್ರೋಗ್ರಾಂ ಪಾಲಿಗೆ ಅದು ಇಲ್ಲ. ಫಾಲ್‌ಬ್ಯಾಕ್ ಇದ್ದರೆ ಇಬ್ಬರಿಗೂ ಗೊತ್ತಾಗುವುದಿಲ್ಲ.

ಟೆಸ್ಟಿಗೆ ಈ ಫೈಲುಗಳನ್ನು ಇಟ್ಟುಕೊಳ್ಳಿ: ಫೈಲೇ ಇಲ್ಲದ ದಾರಿ, ಸೆಕ್ಷನ್ ಇಲ್ಲದ್ದು, ಕೀ ಇಲ್ಲದ್ದು, ಬರೀ ಕೀ, ಕೀ ಮತ್ತು ಸಮ ಚಿಹ್ನೆ, ಎರಡು ಕೋಟ್, ಸಮ ಚಿಹ್ನೆಯ ಮುಂದೆ ಕಾಮೆಂಟ್, ಖಾಲಿ ಕೀಯ ಕೆಳಗೆ ಒಳಕ್ಕೆ ಸರಿದ ಸಾಲು, ಕಾಣದ ಅಕ್ಷರ ಒಂದೇ ಇರುವ ವ್ಯಾಲ್ಯೂ, ಡಿಫಾಲ್ಟ್ ಸೆಕ್ಷನ್ನಿನಲ್ಲಿ ತುಂಬಿದ್ದರೂ ಸ್ವಂತ ಸೆಕ್ಷನ್ನಿನಲ್ಲಿ ಖಾಲಿ ಇರುವುದು. ಈ ಹತ್ತರಲ್ಲಿ ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಪ್ರೋಗ್ರಾಂ ನಿಲ್ಲಬೇಕು. ಆರರಿಂದ ಒಂಬತ್ತರವರೆಗಿನವು ಪಟ್ಟಿಯ ತಪಾಸಣೆಯಲ್ಲಿ ಸಿಕ್ಕಿಬೀಳಬೇಕು. ಹತ್ತನೆಯದರಲ್ಲಿ ಡಿಫಾಲ್ಟ್‌ನ ವ್ಯಾಲ್ಯೂ ಬರಬಾರದು, ಖಾಲಿಯೇ ಬರಬೇಕು.